ಮನೆಮಾತು: ಕೊರಳಲ್ಲಿ ಒಂದು ನಳಿಕೆ

ಸರ್ಕಾರಿ ಕಚೇರಿಯಲ್ಲಿ ಹತ್ತು ವರ್ಷ ಲೇಖನಿ ಸವೆಸಿದ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. 'ತಾತ್ಕಾಲಿಕ' ಎಂದು ಹುಟ್ಟಿದ್ದು ಬಹುಕಾಲ ಬಾಳುತ್ತದೆ. ತಾತ್ಕಾಲಿಕ ಹುದ್ದೆ, ತಾತ್ಕಾಲಿಕ ಷೆಡ್ಡು, ತಾತ್ಕಾಲಿಕ ಆಜ್ಞೆ, ಇವುಗಳಿಗೆ ಮುಪ್ಪೆಂಬುದೇ ಇಲ್ಲ. ಆದರೆ ಹಾಗೆ ಬಾಳಗೊಡಬಾರದ ಒಂದು ತಾತ್ಕಾಲಿಕ ವಸ್ತುವನ್ನು ಕಳೆದ ವರ್ಷ ನಮ್ಮ ಮನೆಯಲ್ಲಿಯೇ ಕಂಡೆವು. ಈ ಸಲ ಅದರ ಮಾತು.

ನಾಲ್ಕು ದಿನ ಇದ್ದು ಹೋಗೋಣವೆಂದು ನಮ್ಮಣ್ಣ ತಾಯಿಯವರೊಡನೆ ಹಾಸನದ ಕಡೆಯಿಂದ ದೆಹಲಿಗೆ ಬಂದಿದ್ದರು. ಬಹುದಿನದ ಸಿಹಿಮೂತ್ರ ರೋಗಿ. ಬಂದ ಮೂರನೆಯ ದಿನ ಮುಖ ಊದಿಕೊಂಡಿತು, ಉಸಿರು ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ನೋಡಿ, ಎರಡು ಮೂತ್ರಪಿಂಡಗಳೂ ಕೆಲಸ ನಿಲ್ಲಿಸಿವೆ, ಡಯಾಲಿಸಿಸ್ ಇಂದೇ ಆಗಬೇಕು, ಅದಕ್ಕೆ ಕುತ್ತಿಗೆಯಲ್ಲಿ ಕ್ಯಾಥೆಟರ್ ಹಾಕಬೇಕು ಎಂದರು. ಕುತ್ತಿಗೆ ಎಂದೊಡನೆ ತಾಯಿಯವರು ಗೋಡೆ ಹಿಡಿದು ಕುಳಿತರು. ನಾವು ಧೈರ್ಯ ಹೇಳಿದೆವು. ಹೇಳುವ ಧೈರ್ಯ ನಮಗೂ ಇರಲಿಲ್ಲ.

ಕುತ್ತಿಗೆಯೇ ಏಕೆ? ಯಂತ್ರಕ್ಕೆ ನಿಮಿಷ ನಿಮಿಷವೂ ಬಹಳ ರಕ್ತ ಹೋಗಿ ಬರಬೇಕು. ಕೈಯ ಸಣ್ಣ ನಾಳಗಳಿಂದ ಅದು ಸಾಗದು. ತಲೆಯ ರಕ್ತವನ್ನು ಎದೆಗಿಳಿಸುವ ದೊಡ್ಡ ಅಭಿಧಮನಿಗಳು ಕುತ್ತಿಗೆಯ ಎರಡು ಪಕ್ಕದಲ್ಲಿಯೂ ಉಂಟು. ಬಲಗಡೆಯದು ಹೃದಯದ ಕಡೆಗೆ ಹೆಚ್ಚು ನೇರವಾಗಿ ಇಳಿಯುವುದರಿಂದ ಸಾಮಾನ್ಯವಾಗಿ ಅದನ್ನೇ ಮೊದಲು ಆರಿಸುತ್ತಾರೆ.

ಹಾಕುವ ಕ್ರಮವನ್ನು ಆ ತರುಣ ವೈದ್ಯರು ನಮಗೆ ಸಮಾಧಾನವಾಗಿ ತಿಳಿಸಿದರು. ರೋಗಿಯ ತಲೆಯನ್ನು ಕೊಂಚ ತಗ್ಗಾಗಿ ಮಲಗಿಸುತ್ತಾರೆ. ನಾಳ ತುಂಬಿ ಉಬ್ಬಲಿ, ಗಾಳಿ ಒಳಗೆ ಹೋಗದಿರಲಿ ಎಂದು. ಮಗ್ಗುಲಲ್ಲೇ ಅಪಧಮನಿ ಮಿಡಿಯುತ್ತಿರುವುದರಿಂದ ಅದಕ್ಕೆ ಸೂಜಿ ತಾಗದಂತೆ ಅಲ್ಟ್ರಾಸೌಂಡ್ ಯಂತ್ರದಲ್ಲಿ ನೋಡುತ್ತ ಚುಚ್ಚುತ್ತಾರೆ. ಚರ್ಮಕ್ಕೆ ಜೋಮು ಬರುವ ಮದ್ದು ಕೊಟ್ಟಿರುತ್ತಾರೆ. ಸೂಜಿಯೊಳಗಿಂದ ತೆಳುವಾದ ತಂತಿಯೊಂದನ್ನು ಇಳಿಸಿ, ಸೂಜಿ ತೆಗೆದು, ದಾರಿ ಅಗಲಿಸಿ, ತಂತಿಯ ಮೇಲೆಯೇ ನಳಿಕೆಯನ್ನು ಜಾರಿಸಿ, ಕಡೆಗೆ ತಂತಿಯನ್ನು ಹೊರಗೆಳೆಯುತ್ತಾರೆ. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಎಂಬ ವೈದ್ಯರು ಪ್ರಕಟಿಸಿದ ಉಪಾಯವಿದು. ಆಮೇಲೆ ಎದೆಯ ಎಕ್ಸರೇ. ನಳಿಕೆಯ ತುದಿ ತಕ್ಕ ಜಾಗದಲ್ಲಿದೆಯೇ, ಶ್ವಾಸಕೋಶಕ್ಕೆ ಗಾಯವಾಗಿಲ್ಲವಷ್ಟೆ ಎಂದು ನೋಡುವುದಕ್ಕೆ. ಹೊರಗೆ ಉಳಿಯುವುದು ಎರಡು ಕವಲು, ಒಂದಕ್ಕೆ ಕೆಂಪು ಗುರುತು, ಒಂದಕ್ಕೆ ನೀಲಿ. ಒಂದರಲ್ಲಿ ರಕ್ತ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದರಲ್ಲಿ ಮರಳುತ್ತದೆ.

ಮೂರು ದಿನದಲ್ಲಿ ಅಣ್ಣ ಎದ್ದು ಕುಳಿತು ಕಾಫಿ ಕೇಳಿದರು. ಮನೆಗೆ ಕಳುಹಿಸುವಾಗ ನರ್ಸಮ್ಮನವರು, "ಪಟ್ಟಿ ನೆನೆಯಕೂಡದು, ತಲೆಸ್ನಾನ ಬೇಡವೇ ಬೇಡ" ಎಂದು ಎರಡು ಸಲ ಹೇಳಿದರು. ನಾವೂ ಎರಡು ಸಲ ತಲೆಯಾಡಿಸಿದೆವು.

ಅಷ್ಟರಲ್ಲಿ ದೀಪಾವಳಿ ಬಂದಿತು. ನರಕ ಚತುರ್ದಶಿಯ ದಿನ ಹಿರಿಯ ಮಗ ಎಣ್ಣೆಸ್ನಾನವಿಲ್ಲದೆ ಇರುವುದೆಂದರೇನು? ತಾಯಿಯವರು ಬಾಯಿಬಿಟ್ಟು ಕೇಳಲಿಲ್ಲ. ಎಣ್ಣೆಯ ಬಟ್ಟಲನ್ನು ಕೈಯಲ್ಲಿ ಹಿಡಿದು ನಿಂತರು. ನಮ್ಮ ಮನೆಯವರು ಬೇಡವೆಂದರು. ಬಿ.ಎ. ಓದಿದ ನಾವಾದರೋ, ಕೊರಳಿಗೆ ಪ್ಲಾಸ್ಟಿಕ್ ಸುತ್ತಿ ಜಾಗ್ರತೆಯಾಗಿ ಎರಡು ಚೊಂಬು ಹಾಕಿದರೆ ಏನಾದೀತು ಎಂದು ತೀರ್ಪು ಕೊಟ್ಟೆವು. ಪಟ್ಟಿಯ ಅಂಚು ನೆನೆಯಿತು. ಟವೆಲಿನಿಂದ ಒತ್ತಿ ಒರೆಸಿ ಸುಮ್ಮನಾದೆವು.

ಮೂರನೆಯ ದಿನ ಡಯಾಲಿಸಿಸ್ ಹಿಡಿದು ಅರ್ಧ ಗಂಟೆಯಾಗಿರಲಿಲ್ಲ, ಅಣ್ಣನಿಗೆ ಮಂಚ ಅಲುಗುವಂತಹ ನಡುಕ, ಕೆಂಡದಂತಹ ಜ್ವರ. ರಕ್ತದಲ್ಲಿ ನಂಜು ಸೇರಿತ್ತು. ನಳಿಕೆಯನ್ನು ತೆಗೆದುಹಾಕಿ ಮದ್ದು ಹಿಡಿದರು. ಆ ಸ್ನಾನವೇ ಕಾರಣವೆಂದು ವೈದ್ಯರು ಖಂಡಿತವಾಗಿ ಹೇಳಲಿಲ್ಲ. ನಮಗೆ ಮಾತ್ರ ಸಂಶಯವಿಲ್ಲ. ಎರಡು ವಾರ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ತಪ್ಪು ಟಿಪ್ಪಣಿ ಬರೆದ ಗುಮಾಸ್ತೆಯಂತೆ, ನಮ್ಮ ಸಹಿಯನ್ನೇ ನೋಡುತ್ತಿದ್ದೆವು. ದೈವಾನುಗ್ರಹ, ಅಣ್ಣ ಉಳಿದರು.

ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರನಿಗಾ ಘಟಕಗಳಲ್ಲಿ ಐದು ನಿಯಮಗಳನ್ನು ತಪ್ಪದೆ ನಡೆಸಿ ನೋಡಿದ ವರದಿಯೊಂದು 2006ರಲ್ಲಿ ಹೊರಬಂದಿತು. ಕೈ ತೊಳೆಯುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಹಾಕಿ ಶುದ್ಧಿಮಾಡುವುದು, ನಳಿಕೆ ಹಾಕುವಾಗ ರೋಗಿಗೂ ವೈದ್ಯರಿಗೂ ಪೂರ್ತಿ ಶುದ್ಧವಸ್ತ್ರದ ಹೊದಿಕೆ, ಆದಷ್ಟೂ ತೊಡೆಯ ನಾಳವನ್ನು ಬಿಡುವುದು, ಬೇಡವಾದ ಕೂಡಲೆ ತೆಗೆಯುವುದು. ಇಷ್ಟೇ. ನಳಿಕೆಯ ನಂಜು ಮೂರರಲ್ಲಿ ಎರಡು ಪಾಲಿನಷ್ಟು ತಗ್ಗಿತು! ಹೊಸ ಯಂತ್ರವಲ್ಲ, ಹೊಸ ಮದ್ದಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡಿದ್ದು. ಇದು ಆಸ್ಪತ್ರೆಗೆ ಎಷ್ಟೋ ಮನೆಗೂ ಅಷ್ಟೇ.

ಆದುದರಿಂದ, ಅಂತಹ ನಳಿಕೆ ಇರುವ ಮನೆಯವರಿಗೆ ನಮ್ಮ ಬಿನ್ನಹ. ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಪಟ್ಟಿ ನೆನೆದರೂ ಸಡಿಲವಾದರೂ ಆ ದಿನವೇ ಡಯಾಲಿಸಿಸ್ ಘಟಕಕ್ಕೆ ತಿಳಿಸಿ. ಅದನ್ನು ಬದಲಾಯಿಸುವವರೂ ಮುಚ್ಚಳ ತೆರೆಯುವವರೂ ಅಲ್ಲಿಯವರೇ ಆಗಿರಲಿ. ಆಗ ರೋಗಿಗೂ ಮುಖವಸ್ತ್ರವಿರಲಿ. ಹತ್ತಿರ ಕತ್ತರಿ, ಕ್ಷೌರದ ಬ್ಲೇಡು ಬೇಡ. ಮಫ್ಲರು ಸಿಕ್ಕಿ ಎಳೆದೀತು. ಚಳಿಗೆ ಮುಂದೆ ಗುಂಡಿಯಿರುವ ಅಂಗಿ ಲೇಸು. ಚಳಿಜ್ವರ, ಕೆಂಪು, ಕೀವು ಕಂಡರೆ ನಾಳೆಯವರೆಗೆ ಕಾಯಬೇಡಿ. ಅಕಸ್ಮಾತ್ ನಳಿಕೆ ಕಳಚಿ ಬಂದರೆ ರೋಗಿಯನ್ನು ಮಲಗಿಸಿ, ಶುದ್ಧವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಆಸ್ಪತ್ರೆಗೆ ಓಡಿ.

ಎಲ್ಲಕ್ಕಿಂತ ಮುಖ್ಯವಾಗಿ, "ಇದು ಇನ್ನೆಷ್ಟು ದಿನ? ಕೈಯಲ್ಲಿ ಫಿಸ್ಟುಲಾ ಯಾವಾಗ?" ಎಂದು ವೈದ್ಯರನ್ನು ಕೇಳಿ. ಕೈಯ ಅಪಧಮನಿಯನ್ನು ಅಭಿಧಮನಿಗೆ ಸೇರಿಸುವ ಆ ಚಿಕ್ಕ ಶಸ್ತ್ರಚಿಕಿತ್ಸೆ ಪಕ್ವವಾಗಲು ವಾರಗಳೇ, ಕೆಲವರಿಗೆ ತಿಂಗಳುಗಳೇ ಬೇಕು. ಬೇಗ ಕೇಳಿದಷ್ಟೂ ಒಳ್ಳೆಯದು. ಅಣ್ಣನಿಗೆ ಅದುವರೆಗೆ ಚರ್ಮದ ಕೆಳಗೆ ಹಾಯಿಸಿದ, ಹೆಚ್ಚುಕಾಲ ಇರಿಸಬಹುದಾದ ಬೇರೊಂದು ನಳಿಕೆ ಹಾಕಿದ್ದರು. ಫಿಸ್ಟುಲಾ ಸಿದ್ಧವಾದ ಮೇಲೆ ಅದನ್ನೂ ತೆಗೆದರು.

ಅಣ್ಣ ಈಗ ನಮ್ಮಲ್ಲಿಯೇ ಇದ್ದಾರೆ. ಎಡತೋಳಿನ ಮೇಲೆ ಬೆರಳಿಟ್ಟರೆ ದುಂಬಿ ಗುಂಯ್ಗುಟ್ಟಿದಂತೆ ರಕ್ತ ಮಿಡಿಯುವುದು ತಿಳಿಯುತ್ತದೆ. ಅದು ನಿಂತರೆ ಆ ಕ್ಷಣವೇ ಹೇಳಬೇಕೆಂದಿದ್ದಾರೆ. ತಾಯಿಯವರು ದಿನಬೆಳಗಾದರೆ ಬೆರಳಿಟ್ಟು ನೋಡಿಯೇ ಕಾಫಿಗೆ ನೀರಿಡುವುದು.

ಈ ದೀಪಾವಳಿಗೆ ಎಣ್ಣೆಸ್ನಾನವುಂಟು. ಕೇಳಿಕೊಂಡು ಬಂದಿದ್ದೇವೆ.