21 ದಿನ ಮೊದಲು ಹೇಳಿ

ವಿಪ್ರೊ ಕಂಪನಿ 2021ರ ಜನವರಿ 1ರಂದು ತನ್ನ ಐಟಿ ವ್ಯವಹಾರವನ್ನು ನಾಲ್ಕು ಮಾರುಕಟ್ಟೆ ಘಟಕಗಳಾಗಿ, ಎರಡು ಜಾಗತಿಕ ಸೇವಾ ವಿಭಾಗಗಳಾಗಿ ವಿಂಗಡಿಸಿತು. 2023ರ ಏಪ್ರಿಲ್‌ನಲ್ಲಿ ಆ ಎರಡು ಸೇವಾ ವಿಭಾಗಗಳು ನಾಲ್ಕಾದವು. ಮರುವರ್ಷ ಏಪ್ರಿಲ್‌ನಲ್ಲಿ ಸಿಇಒ ಥಿಯರಿ ಡೆಲಾಪೋರ್ಟ್ ಹೋದರು, ಶ್ರೀನಿವಾಸ ಪಲ್ಲಿಯಾ ಬಂದರು. 2025ರ ಏಪ್ರಿಲ್ 1ರಿಂದ ಸೇವಾ ವಿಭಾಗಗಳನ್ನು ಮತ್ತೊಮ್ಮೆ ಜೋಡಿಸಲಾಯಿತು. ನಾಲ್ಕೂಕಾಲು ವರ್ಷದಲ್ಲಿ ಮೂರು ನಕ್ಷೆ. ಇದೇ ಅವಧಿಯಲ್ಲಿ ಕಂಪನಿಯ ಐಟಿ ಸೇವೆಗಳ ಆದಾಯ 2022-23ರ ಸುಮಾರು 1,116 ಕೋಟಿ ಡಾಲರಿನಿಂದ 2024-25ರಲ್ಲಿ ಸುಮಾರು 1,051 ಕೋಟಿ ಡಾಲರಿಗೆ ಇಳಿಯಿತು. ಆಗ ಇಡೀ ಐಟಿ ಉದ್ಯಮಕ್ಕೇ ಮಂಕು ಕವಿದಿತ್ತು, ಆದ್ದರಿಂದ ಇಳಿಕೆಯನ್ನು ನಕ್ಷೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ನಕ್ಷೆ ಬದಲಿಸಿದರೆ ವ್ಯಾಪಾರ ತಾನಾಗಿ ಚಿಗುರುತ್ತದೆ ಎಂಬುದಕ್ಕೂ ಇಲ್ಲಿ ಪುರಾವೆ ಸಿಗುವುದಿಲ್ಲ. ವಿಪ್ರೊ ಒಂದೇ ಹೀಗೆ ಮಾಡಿದ್ದೂ ಅಲ್ಲ. ಬೆಂಗಳೂರಿನ ಯಾವ ದೊಡ್ಡ ತಂತ್ರಜ್ಞಾನ ಕಂಪನಿಯನ್ನು ತೆಗೆದುಕೊಂಡರೂ ಎರಡು-ಮೂರು ವರ್ಷಕ್ಕೊಮ್ಮೆ ಇಂಥದ್ದೊಂದು ‘ರೀಆರ್ಗ್’ ಇದ್ದೇ ಇರುತ್ತದೆ. ಷೇರುದಾರರ ಕಣ್ಣಿಂದ ಇದನ್ನು ನೋಡಿ ಬರೆಯುವವರು ಬೇಕಾದಷ್ಟಿದ್ದಾರೆ. ಜೋಗುಪಾಳ್ಯದ ಪಿಜಿಯಲ್ಲೋ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲೋ ಇದ್ದುಕೊಂಡು, ಹಲಸೂರಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ವೈಟ್‌ಫೀಲ್ಡಿಗೆ ಹೋಗಿಬರುವ ನೌಕರನಿಗೆ ಅದು ಹೇಗೆ ಕಾಣುತ್ತದೆ ಎಂದು ಕೇಳುವವರು ಕಡಿಮೆ.

ಅವನಿಗೆ ಕಾಣುವುದು ಇಷ್ಟು. ಮಾಡುವ ಕೆಲಸ ಅದೇ, ಗ್ರಾಹಕ ಅವನೇ, ರಾತ್ರಿ ಹತ್ತರ ಕಾಲ್ ಕೂಡ ಅದೇ. ಬದಲಾದದ್ದು ಅವನ ಕೆಲಸಕ್ಕೆ ಸಾಕ್ಷಿಯಾಗಿದ್ದ ವ್ಯಕ್ತಿ. ಐಟಿ ಕೆಲಸದ ಒಂದು ಭಾಗ ಮಾತ್ರ ಟಿಕೆಟ್ಟಿನಲ್ಲಿ, ಟೈಮ್‌ಶೀಟಿನಲ್ಲಿ ದಾಖಲಾಗುತ್ತದೆ. ಉಳಿದದ್ದಕ್ಕೆ ಇರುವ ಏಕೈಕ ಕಡತ ಮ್ಯಾನೇಜರನ ನೆನಪು. ಹಬ್ಬದ ದಿನ ಸರ್ವರ್ ಬಿದ್ದಾಗ ಎದ್ದು ಬಂದವರು ಯಾರು, ಹೊಸಬರಿಗೆ ಕೆಲಸ ಕಲಿಸಿದವರು ಯಾರು, ಯಾರೂ ಮುಟ್ಟಲು ಹೆದರುವ ಹಳೆಯ ಕೋಡಿನ ಒಳಗು-ಹೊರಗು ಬಲ್ಲವರು ಯಾರು ಎಂಬುದೆಲ್ಲ ಅಲ್ಲೇ ಇರುತ್ತದೆ. ಹಣಕಾಸು ವರ್ಷದ ನಡುವೆ ರಿಪೋರ್ಟಿಂಗ್ ಬದಲಾದರೆ ಆ ಕಡತವೇ ಇಲ್ಲವಾಗುತ್ತದೆ. ಅಪ್ರೈಸಲ್ ಬರೆಯಲು ಕೂತ ಹೊಸ ಮ್ಯಾನೇಜರ್ ಒಳ್ಳೆಯವರೇ ಇರಬಹುದು, ಆದರೆ ಅವರಿಗೆ ಗೊತ್ತಿರುವುದು ಕೊನೆಯ ಮೂರು ತಿಂಗಳು. ಕೆಲಸ ಬಿಡಿಸಿದವರಿಗೆ ಕೊಟ್ಟ ಪರಿಹಾರವನ್ನು ಕಂಪನಿ ಲೆಕ್ಕದಲ್ಲಿ ಖರ್ಚೆಂದು ತೋರಿಸುತ್ತದೆ. ಉಳಿದವರು ಕಳೆದುಕೊಂಡ ಈ ಕಡತಕ್ಕೆ ಯಾವ ಲೆಕ್ಕಪತ್ರದಲ್ಲೂ ಕಲಮಿಲ್ಲ. ಈ ನಷ್ಟ ಪೂರ್ತಿಯಾಗಿ ನೌಕರನ ಮೇಲೆ ಬೀಳುತ್ತದೆ. ಮರುಸಂಘಟನೆ ಅಗ್ಗವೆಂದು ಮೇಲಿನವರಿಗೆ ತೋರುವುದೂ, ಅದನ್ನು ಪದೇಪದೇ ಮಾಡುವುದೂ ಇದೇ ಕಾರಣಕ್ಕೆ ಎಂಬುದು ನನ್ನ ವಾದ.

2009ರ ಕೊನೆಯಲ್ಲಿ ಇನ್ಫೋಸಿಸ್ ‘ಐರೇಸ್’ ಎಂಬ ಹುದ್ದೆ ವ್ಯವಸ್ಥೆ ತಂದದ್ದನ್ನು ಹಳಬರು ಮರೆತಿಲ್ಲ. ಪಾತ್ರ ಮತ್ತು ಅನುಭವದ ವರ್ಷಗಳ ಆಧಾರದ ಮೇಲೆ ಹುದ್ದೆಗಳನ್ನು ಮರುಹೊಂದಿಸಿದಾಗ ಬಹಳ ಮಂದಿಯ ಡೆಸಿಗ್ನೇಷನ್ ಕೆಳಗಿಳಿಯಿತು. ಕಂಪನಿ ಬಿಟ್ಟವರ ಪ್ರಮಾಣ 2009-10ರಲ್ಲಿ ಶೇ 13.4 ಇದ್ದದ್ದು 2010-11ರಲ್ಲಿ ಶೇ 17 ಆಯಿತು. ಜಾಗತಿಕ ಹಿಂಜರಿತ ಮುಗಿದು ಎಲ್ಲ ಕಡೆ ನೇಮಕಾತಿ ಶುರುವಾಗಿದ್ದ ಕಾಲ ಅದು, ಹಾಗಾಗಿ ಏರಿಕೆಗೆ ಐರೇಸ್ ಒಂದೇ ಕಾರಣವಾಗಿರಲಾರದು. ಬಾಗಿಲು ತೆರೆದದ್ದು ಮಾರುಕಟ್ಟೆಯೇ ಇರಬಹುದು. ಎದ್ದು ಹೋಗುವ ಮನಸ್ಸು ಬರುವಂತೆ ಮಾಡಿದ್ದರಲ್ಲಿ ಹೇಳದೆ ಕೇಳದೆ ಇಳಿದ ಡೆಸಿಗ್ನೇಷನ್ನಿನ ಪಾಲೂ ಇದ್ದಿರಬೇಕು. ಸಂಬಂಧ ನೋಡುವಾಗ, ವೀಸಾ ಅರ್ಜಿ ತುಂಬುವಾಗ, ಮುಂದಿನ ಕೆಲಸಕ್ಕೆ ರೆಸ್ಯೂಮೆ ಕಳಿಸುವಾಗ ಅದೇ ಪದವನ್ನು ಬರೆಯಬೇಕಾದವನಿಗೆ ‘ಇದು ಬರೀ ಹೆಸರಷ್ಟೇ’ ಎಂದು ಎಚ್‌ಆರ್ ಸಮಾಧಾನ ಹೇಳಿದರೆ ಏನು ಬಂತು?

ಬದಲಾವಣೆಗೆ ಸಮಯ ಬೇಕು ಎಂಬುದು ಕಂಪನಿಗಳಿಗೆ ತಿಳಿಯದ ಸಂಗತಿಯಲ್ಲ. ನೌಕರ ಬಿಟ್ಟು ಹೋಗುತ್ತೇನೆ ಎಂದರೆ ದೊಡ್ಡ ಐಟಿ ಕಂಪನಿಗಳು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಕೇಳುತ್ತವೆ. ಕೆಟಿ, ಅಂದರೆ ಕೆಲಸದ ತಿಳಿವಳಿಕೆಯ ಹಸ್ತಾಂತರ ಆಗಬೇಕು, ಬದಲಿ ವ್ಯಕ್ತಿ ಬರಬೇಕು, ಗ್ರಾಹಕನಿಗೆ ತೊಂದರೆಯಾಗಬಾರದು ಎನ್ನುತ್ತಾರೆ. ಒಬ್ಬ ಎಂಜಿನಿಯರ್ ಜಾಗ ಬಿಡಲು 90 ದಿನ ಬೇಕು, ಆದರೆ ಒಂದು ಇಡೀ ವಿಭಾಗದ ಸಾವಿರಾರು ಮಂದಿ ಯಾರಿಗೆ ಉತ್ತರದಾಯಿ ಎಂಬುದು ಸೋಮವಾರ ಬೆಳಿಗ್ಗೆ ಬಂದ ಒಂದು ಮೇಲ್‌ನಲ್ಲಿ ಇತ್ಯರ್ಥವಾಗಬಹುದು! ಜೋಗುಪಾಳ್ಯದ ಮನೆ ಮಾಲೀಕರೂ ಮನೆ ಖಾಲಿ ಮಾಡಿ ಎನ್ನಲು ತಿಂಗಳು ಮುಂಚೆ ಬಾಯಿಬಿಡುತ್ತಾರೆ.

ಕಾನೂನಿನಲ್ಲಿ ಇದಕ್ಕೊಂದು ದಾರಿ ಬಹಳ ಹಿಂದೆಯೇ ಇತ್ತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಂ ಪ್ರಕಾರ ಕೆಲವು ಸೇವಾ ಷರತ್ತುಗಳನ್ನು ಬದಲಿಸುವ ಮುನ್ನ ಕಾರ್ಮಿಕರಿಗೆ 21 ದಿನದ ನೋಟಿಸ್ ಕೊಡಬೇಕಿತ್ತು. ಆ ಷರತ್ತುಗಳ ಪಟ್ಟಿಯಲ್ಲಿ ಶ್ರೇಣಿಗಳ ವರ್ಗೀಕರಣವಿತ್ತು, ಸಿಬ್ಬಂದಿ ಸಂಖ್ಯೆಯ ಏರಿಳಿತವಿತ್ತು, ಸಿಬ್ಬಂದಿ ಕಡಿತಕ್ಕೆ ದಾರಿಮಾಡಬಲ್ಲ ತಂತ್ರದ ಸುಧಾರಣೆಯೂ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ 21 ದಿನದ ನಿಯಮ ಉಳಿದಿದೆ. ಮೆಟ್ರೊ ಹಾದಿಯಲ್ಲೇ ಸಿಗುವ ದೂರವಾಣಿ ನಗರದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆ 1948ರಲ್ಲಿ ಶುರುವಾದದ್ದು. ಸ್ಟ್ರೌಜರ್ ಯಂತ್ರದಿಂದ 1960ರ ದಶಕದಲ್ಲಿ ಕ್ರಾಸ್‌ಬಾರ್‌ಗೆ, ಮುಂದೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿಗೆ ದಾಟುವಾಗ ಅಲ್ಲಿನ ಆಡಳಿತಕ್ಕೆ ಯೂನಿಯನ್ ಎದುರು ಕೂತು ಮಾತಾಡದೆ ಗತಿಯಿರಲಿಲ್ಲ. ಅದೇ ರಸ್ತೆಯ ಇಂದಿನ ಎಂಜಿನಿಯರನಿಗೆ ಆ ಬಲವಿಲ್ಲ. ಅವನು ಕಾನೂನಿನ ಅರ್ಥದಲ್ಲಿ ಕಾರ್ಮಿಕ ಹೌದೋ ಅಲ್ಲವೋ ಎಂಬುದೇ ಮೊದಲ ತಕರಾರು. ಚೆನ್ನೈನಲ್ಲಿ 2015ರಲ್ಲಿ ಕೆಲಸ ಕಳೆದುಕೊಂಡ ಐಟಿ ನೌಕರರೊಬ್ಬರು ಕಾರ್ಮಿಕ ನ್ಯಾಯಾಲಯದಿಂದ ಮರುನೇಮಕದ ಆದೇಶ ಪಡೆಯುವ ಹೊತ್ತಿಗೆ 2022 ಬಂದಿತ್ತು. ಇನ್ನು ಕರ್ನಾಟಕ ಸರ್ಕಾರ 2014ರಲ್ಲಿ, 2019ರಲ್ಲಿ, ಮತ್ತೆ 2024ರಲ್ಲಿ ಐಟಿ ಕಂಪನಿಗಳಿಗೆ, ಕೆಲಸದ ನಿಯಮಗಳನ್ನು ಬರೆದಿಡಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುತ್ತಲೇ ಬಂದಿದೆ. ಷರತ್ತುಗಳಿಲ್ಲ ಎಂದಲ್ಲ. ಕುಂದುಕೊರತೆ ಸಮಿತಿ ಇರಬೇಕು, ವಜಾ, ಹಿಂಬಡ್ತಿಯಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂದಿದೆ. ಇಲಾಖೆಗೆ ತಿಳಿಸುವುದು ಸರಿ, ನೌಕರನಿಗೆ ಮೊದಲೇ ತಿಳಿಸುವುದು?

ಐಟಿಐ ಹೆಸರೆತ್ತಿದ ಕೂಡಲೇ ಬರುವ ಆಕ್ಷೇಪ ಗೊತ್ತೇ ಇದೆ. ‘ಅಷ್ಟೆಲ್ಲ ಕೇಳಿ ಮಾಡಿದ ಕಂಪನಿ ಕೊನೆಗೆ ಏನಾಯಿತು? ರೋಗಗ್ರಸ್ತವಾಗಿ ಕೈಗಾರಿಕಾ ಪುನಶ್ಚೇತನ ಮಂಡಳಿಯ (ಬಿಐಎಫ್‌ಆರ್) ಮೆಟ್ಟಿಲು ಹತ್ತಲಿಲ್ಲವೇ?’ ಹತ್ತಿತು. ಆದರೆ ಐಟಿಐಗೆ ದೊಡ್ಡ ಗಿರಾಕಿ ಎಂದರೆ ದೂರಸಂಪರ್ಕ ಇಲಾಖೆ. 1991ರ ನಂತರ ಖಾಸಗಿ ಮತ್ತು ವಿದೇಶಿ ಕಂಪನಿಗಳು ಅದೇ ಗಿರಾಕಿಗೆ ಮಾರತೊಡಗಿದವು, ಆಮೇಲೆ ಮೊಬೈಲ್ ಬಂದು ಸ್ಥಿರ ದೂರವಾಣಿಯ ಬೇಡಿಕೆಯನ್ನೇ ನುಂಗಿತು. ಕಾರ್ಮಿಕರಿಗೆ ಮೂರು ವಾರ ಮೊದಲು ನೋಟಿಸ್ ಕೊಟ್ಟಿದ್ದರಿಂದ ಆರ್ಡರ್ ತಪ್ಪಿಹೋಯಿತು ಎಂದು ವಾದಿಸುವುದು ಕಷ್ಟ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಐಟಿಯವರಿಗೇ ಇದು ಬೇಡ, ಅವರಿಗೆ ಯೂನಿಯನ್ ಎಂದರೆ ಆಗದು ಎಂಬುದು. ಕರ್ನಾಟಕದಲ್ಲಿ ಐಟಿ ನೌಕರರ ಸಂಘ ‘ಕೀಟು’ ವರ್ಷಗಳಿಂದ ಇದ್ದರೂ ಸದಸ್ಯರಾಗಲು ಬಹುಪಾಲು ನೌಕರರು ಹಿಂದೆಗೆಯುವುದು ನಿಜ. ಇಲ್ಲಿ ಜರ್ಮನಿಯ ಎಸ್‌ಎಪಿ ಕಂಪನಿಯ ಕಥೆ ನೋಡಬೇಕು. 2006ರಲ್ಲಿ ಅಲ್ಲಿ ನೌಕರರ ಮಂಡಳಿ ಬೇಕೇ ಎಂಬ ಪ್ರಶ್ನೆ ಎದ್ದಾಗ ಸಭೆಯಲ್ಲಿ ಶೇ 91ರಷ್ಟು ನೌಕರರು ಬೇಡವೆಂದೇ ಮತ ಹಾಕಿದರು. ಬೆರಳೆಣಿಕೆಯವರು ನ್ಯಾಯಾಲಯಕ್ಕೆ ಹೋದರು, ಮಂಡಳಿ ರಚನೆಯಾಯಿತು, ಇವತ್ತಿಗೂ ಇದೆ, ಕಂಪನಿಯೇನೂ ಮುಳುಗಲಿಲ್ಲ. ಜರ್ಮನ್ ಕಾನೂನಿನಂತೆ ಇಪ್ಪತ್ತಕ್ಕೂ ಹೆಚ್ಚು ನೌಕರರಿರುವ ಕಂಪನಿ ಸಂಘಟನೆಯಲ್ಲಿ ಮೂಲಭೂತ ಬದಲಾವಣೆ ಮಾಡುವ ಮುನ್ನ ಮಂಡಳಿಗೆ ತಿಳಿಸಿ ಸಮಾಲೋಚಿಸಬೇಕು. 2024ರ ಜನವರಿಯಲ್ಲಿ ಎಸ್‌ಎಪಿ ಸುಮಾರು 8,000 ಹುದ್ದೆಗಳನ್ನು ತಟ್ಟುವ ಮರುಸಂಘಟನೆ ಘೋಷಿಸಿದಾಗ ಅದರ ತವರು ವಾಲ್ಡಾರ್ಫಿನ ನೌಕರನಿಗೆ ಈ ರಕ್ಷಣೆ ಇತ್ತು. ಅದೇ ಕಂಪನಿಯ ವೈಟ್‌ಫೀಲ್ಡ್ ಕ್ಯಾಂಪಸ್ಸಿನಲ್ಲಿ ಕೂತು ಅದೇ ಉತ್ಪನ್ನಕ್ಕೆ ಕೋಡ್ ಬರೆಯುವವನಿಗೆ ನಮ್ಮ ಕಾನೂನು ಅಂಥದ್ದೇನನ್ನೂ ಕೊಟ್ಟಿಲ್ಲ.

ಮರುಸಂಘಟನೆಯ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟರೆ ಷೇರುಪೇಟೆಯಲ್ಲಿ ಗದ್ದಲವಾಗುತ್ತದೆ, ಪ್ರತಿಸ್ಪರ್ಧಿಗಳು ಜನರನ್ನು ಸೆಳೆಯುತ್ತಾರೆ ಎನ್ನುವವರಿದ್ದಾರೆ. ವಿಪ್ರೊ ತನ್ನ 2021ರ ಜನವರಿಯ ಬದಲಾವಣೆಯನ್ನು ಹಿಂದಿನ ನವೆಂಬರ್‌ನಲ್ಲೇ ಪ್ರಕಟಿಸಿತ್ತು. ಟಿಸಿಎಸ್ ಕೂಡ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವ ಮಾತನ್ನು 2025ರ ಜುಲೈನಲ್ಲಿ ಬಹಿರಂಗವಾಗಿಯೇ ಹೇಳಿತು. ಘೋಷಣೆಗೂ ಜಾರಿಗೂ ನಡುವೆ ವಾರಗಳ ಅಂತರ ಈಗಲೂ ಇರುತ್ತದೆ ಎಂದಾಯಿತು. ಪತ್ರಿಕಾ ಪ್ರಕಟಣೆಯಲ್ಲಿ ವಿಭಾಗದ ಹೆಸರು, ಮುಖ್ಯಸ್ಥರ ಹೆಸರು ಇರುತ್ತವೆ. ಅವರ ಕೆಳಗಿನ ಐದಾರು ಮೆಟ್ಟಿಲುಗಳಲ್ಲಿ ಯಾರು ಎಲ್ಲಿ ಎಂಬುದು ಇರುವುದಿಲ್ಲ. ಷೇರುಪೇಟೆಗೆ ಅದು ಬೇಕಾಗಿಯೂ ಇಲ್ಲ. ಬೇಕಾದದ್ದು ಆ ಮೆಟ್ಟಿಲಲ್ಲಿ ನಿಂತವನಿಗೆ.

ಮರುಸಂಘಟನೆ ಮಾಡಲೇಬೇಡಿ ಎಂದು ಯಾವ ನೌಕರನೂ ಹೇಳಲಾರ. ತಂತ್ರಜ್ಞಾನ ಹೊರಳುವಾಗ ವಿಭಾಗಗಳೂ ಹೊರಳುತ್ತವೆ, ಎಐ ಬಂದಮೇಲೆ ಇನ್ನೂ ಬೇಗ ಹೊರಳಲಿವೆ. ಹೊಸ ಸಂಹಿತೆಯಡಿಯಲ್ಲೂ ಸ್ಥಾಯಿ ಆದೇಶಗಳಿಂದ ವಿನಾಯಿತಿ ಕೊಡುವ ಅಧಿಕಾರ ಸರ್ಕಾರದ ಕೈಯಲ್ಲೇ ಇದೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಮುಂದಿನ ವಿನಾಯಿತಿಯ ಕಡತ ತೆರೆದಾಗ ಅದಕ್ಕೊಂದು ಷರತ್ತು ಸೇರಿಸಲಿ: ರಿಪೋರ್ಟಿಂಗ್, ಶ್ರೇಣಿ ಅಥವಾ ಸಿಬ್ಬಂದಿ ಸಂಖ್ಯೆ ಬದಲಿಸುವ ಯಾವ ಮರುಸಂಘಟನೆಯಾದರೂ ಜಾರಿಗೆ 21 ದಿನ ಮೊದಲು ಪ್ರತಿ ನೌಕರನಿಗೆ ಲಿಖಿತವಾಗಿ ತಿಳಿಸಬೇಕು. ಹೊಸ ಮ್ಯಾನೇಜರ್ ಯಾರು, ತನ್ನ ಶ್ರೇಣಿ (ಬ್ಯಾಂಡ್) ಏನು, ಅಲ್ಲಿಯವರೆಗಿನ ತಿಂಗಳುಗಳ ಅಪ್ರೈಸಲ್ ಬರೆದಿಟ್ಟು ಹೋಗುವವರು ಯಾರು ಎಂಬುದು ಆ ಪತ್ರದಲ್ಲಿ ಇರಲಿ. ಕಂಪನಿಗಳಿಗೆ ಇದರಿಂದ ಆಗುವ ಖರ್ಚು ಒಂದು ಕಾಗದ ಮತ್ತು ಮೂರು ವಾರ.