ಹೆಸರು ಬಿಟ್ಟುಹೋದರೆ ತಪ್ಪು ಕಂಪ್ಯೂಟರಿನದ್ದಲ್ಲ



ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಅಂದಿನ ಬಲಿಪೂಜೆಯಲ್ಲಿ ಓದುವ ಹೆಸರುಗಳ ಪಟ್ಟಿಯನ್ನು ಕಳೆದ ಸಲ ನಾನು ಪೈಥಾನ್‌ನಲ್ಲಿ ತಯಾರಿಸಿದ್ದೆ. ಗುರಿಕಾರರು ವಾಟ್ಸಾಪ್‌ನಲ್ಲಿ ಕಳುಹಿಸಿದ ಹೆಸರುಗಳನ್ನು ಮರಣ ದಾಖಲೆಯೊಂದಿಗೆ ಹೋಲಿಸಿ, ತಾಳೆಯಾದವನ್ನು ವಾರ್ಡಿನ ಪ್ರಕಾರ ಜೋಡಿಸುವ ಸಣ್ಣ ಪ್ರೋಗ್ರಾಂ ಅದು. ಪೂಜೆ ಮುಗಿದ ಮೇಲೆ ಅಜ್ಜಿಯೊಬ್ಬರು ಬಂದು, "ಮಗಾ, ಇವರ ಹೆಸರು ಓದಲೇ ಇಲ್ಲ ಅಲ್ವಾ?" ಎಂದರು. "ಕಂಪ್ಯೂಟರ್ ಬಿಟ್ಟುಬಿಟ್ಟಿದೆ ಅಜ್ಜಿ" ಎಂದೆ. ಅದು ಸುಳ್ಳು. ಬಿಟ್ಟವನು ನಾನು.

ಮನೆಗೆ ಬಂದು ನೋಡಿದೆ. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ. ನಾನು 'ಹೆಸರು.ಸ್ಟ್ರಿಪ್()' ಎಂದು ಬರೆದು ಸುಮ್ಮನಾಗಿದ್ದೆ. ಪೈಥಾನ್‌ನಲ್ಲಿ ಸ್ಟ್ರಿಂಗ್ ಬದಲಾಗುವುದಿಲ್ಲ. ಸ್ಟ್ರಿಪ್ ಆಗಲಿ ರಿಪ್ಲೇಸ್ ಆಗಲಿ ಹೊಸ ಸ್ಟ್ರಿಂಗ್ ಕೊಡುತ್ತದೆ. ಅದನ್ನು ಹಿಡಿದಿಡಬೇಕು: 'ಹೆಸರು = ಹೆಸರು.ಸ್ಟ್ರಿಪ್()'.

ಕನ್ನಡದಲ್ಲಿ ಇನ್ನೂ ಎರಡು ಗುಂಡಿಗಳಿವೆ. 'ಜಾನ್' ಎಂದು ಟೈಪ್ ಮಾಡುವಾಗ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಳ್ಳಬಹುದು. ಒತ್ತಕ್ಷರ ಆಗದಂತೆ ತಡೆಯುವ ಆ ಗುರುತನ್ನು ಸ್ಟ್ರಿಪ್ ತೆಗೆಯುವುದಿಲ್ಲ. ಹೋಲಿಸುವ ಮೊದಲು ಎರಡೂ ಕಡೆಯಿಂದ ರಿಪ್ಲೇಸ್ ಬಳಸಿ ತೆಗೆಯಿರಿ. ಆದರೆ ಮುದ್ರಿಸಲು ಮೂಲ ಹೆಸರನ್ನೇ ಇಟ್ಟುಕೊಳ್ಳಿ, ಇಲ್ಲವಾದರೆ 'ಜಾನ್‌ಸನ್' ಹೋಗಿ 'ಜಾನ್ಸನ್' ಆದೀತು. ಇನ್ನೊಂದು, 'ಕ್ರಿಸ್ತ' ನಮಗೆ ಎರಡಕ್ಷರ, ಪೈಥಾನ್‌ನ ಲೆನ್ ಲೆಕ್ಕದಲ್ಲಿ 7. ಮೊದಲ ಅಕ್ಷರ ಬೇಕೆಂದು ಕೇಳಿದರೆ 'ಕ್ರಿ' ಬರುವುದಿಲ್ಲ, ಬರೀ 'ಕ' ಬರುತ್ತದೆ. ನಾವು ಕಲಿಯುವ ಪಾಠಗಳೆಲ್ಲ ಇಂಗ್ಲಿಷ್ ಹೆಸರುಗಳಲ್ಲೇ ಇರುವುದರಿಂದ ಇದು ಯಾರಿಗೂ ಹೊಳೆಯುವುದಿಲ್ಲ.

ಆದರೂ ನನ್ನ ದೊಡ್ಡ ತಪ್ಪು ಇವು ಯಾವುದೂ ಅಲ್ಲ. ತಾಳೆಯಾಗದ ಹೆಸರನ್ನು ಪ್ರೋಗ್ರಾಂ ಸದ್ದಿಲ್ಲದೆ ದಾಟಿ ಹೋಗಲು ಬಿಟ್ಟೆನಲ್ಲ, ಅದು. ಅಂಥ ಹೆಸರುಗಳನ್ನು ಬೇರೆ ಪಟ್ಟಿಯಲ್ಲಿ ಬರೆಯಿಸಿ ಗುರಿಕಾರರ ಕೈಗೆ ಕೊಟ್ಟಿದ್ದರೆ ಐದು ನಿಮಿಷದ ಕೆಲಸ. ಬಂದ ಹೆಸರೆಷ್ಟು, ಓದುವ ಹೆಸರೆಷ್ಟು ಎಂದು ಎಣಿಸಿದ್ದರೂ ಸಾಕಿತ್ತು.

ಧರ್ಮಕೇಂದ್ರದ ಕೆಲಸಕ್ಕೆ ಕಂಪ್ಯೂಟರ್ ಬೇಡ ಎನ್ನುವ ಹಿರಿಯರಿದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಕೈಬರಹದ ಪಟ್ಟಿಯಲ್ಲೂ ಹೆಸರುಗಳು ತಪ್ಪಿವೆ. ಆದರೆ ಬರೆದವನು ಕೊನೆಗೊಮ್ಮೆ ಕೂತು ಓದುತ್ತಿದ್ದ, ನಾವು ಓದುವುದಿಲ್ಲ. ಒಳ್ಳೆಯ ಕುರುಬ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಎಂದು ಯೊವಾನ್ನರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಕೇಳುತ್ತೇವೆ. ನಮ್ಮ ಪಾಲಿಗೆ ಸ್ಟ್ರಿಂಗ್ ಆಗಿರುವುದು ಆ ಅಜ್ಜಿಗೆ ಗಂಡನ ಹೆಸರು.

ಈ ನವೆಂಬರಿಗೆ ಪಟ್ಟಿ ನಾನೇ ಮಾಡುತ್ತೇನೆ. ಮುದ್ರಿಸುವ ಮೊದಲು ಇಬ್ಬರು ಬಂದು ನನ್ನೊಂದಿಗೆ ಗಟ್ಟಿಯಾಗಿ ಓದಬೇಕು. ಯಾರು ಬರುತ್ತೀರಿ?