ತಾಕು ನೋಡಿದರೆ ಸಾಲದು, ಲೆಕ್ಕವೂ ಬೇಕು

ಕೃಷ್ಣೆಯ ದಂಡೆಯ ತುಬಚಿಯಂಥ ಊರುಗಳಲ್ಲಿ ಕಬ್ಬೇ ದೊಡ್ಡ ಬೆಳೆ. ಆದರೆ ಎಕರೆ, ಅರ್ಧ ಎಕರೆಯ ರೈತ ಕಬ್ಬಿನ ಹಣಕ್ಕೆ ವರ್ಷವಿಡೀ ಕಾಯಬೇಕು. ಬದನೆ, ಟೊಮೆಟೊಗಳಾದರೆ ಮೂರು ತಿಂಗಳೊಳಗೆ ರೊಕ್ಕ ಕಾಣಿಸುತ್ತವೆ. ಸರಿಯಾಗಿ ಕಲಿಸುವವರು ಬೇಕು.

2006ರಲ್ಲಿ ಭಾರತ ಮತ್ತು ಇಸ್ರೇಲ್ ಮಾಡಿಕೊಂಡ ಕೃಷಿ ಒಪ್ಪಂದದ ಫಲವಾಗಿ ಧಾರವಾಡದಲ್ಲಿ ತರಕಾರಿಗೆ, ಬಾಗಲಕೋಟೆಯಲ್ಲಿ ದಾಳಿಂಬೆಗೆ ಪ್ರಾತ್ಯಕ್ಷಿಕಾ ಕೇಂದ್ರಗಳು ಬಂದಿವೆ. ನೋಡಲು ಹೋದ ಸಣ್ಣ ರೈತ ಪಾಲಿಮನೆಯ ಖರ್ಚು ಕೇಳಿ, ‘ಇದು ನಮಗಲ್ಲ’ ಎಂದು ಮರಳಿದರೆ ಆ ಪ್ರವಾಸ ವ್ಯರ್ಥ.

ಅಲ್ಲಿಂದ ತರಬೇಕಾದದ್ದು ಪಾಲಿಮನೆಯಲ್ಲ, ಸಸಿ ಮಾಡುವ ಕ್ರಮ. 98 ಗುಣಿಗಳ ತಟ್ಟೆಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಗುಣಿಗೊಂದು ಬೀಜ ಹಾಕಿ, ಮೇಲೆ ಸಣ್ಣ ಕಣ್ಣಿನ ಬಲೆ ಕಟ್ಟಿದರೆ ದುಬಾರಿ ಬೀಜ ಹಾಳಾಗದು; ನಾಟಿಯಲ್ಲಿ ಬೇರು ಹರಿಯದು. ಟೊಮೆಟೊಗೆ ಎಲೆ ಮುಟುರು ರೋಗ ಹರಡುವ ಬಿಳಿ ನೊಣವೂ ಎಳೆ ಸಸಿಯಿಂದ ದೂರವಿರುತ್ತದೆ. ಹತ್ತು ಗುಂಟೆಯಲ್ಲಿ ಮಾಡಿ ನೋಡಲು ಯಾರೂ ಅಂಜಬೇಕಿಲ್ಲ.

ಅಧಿಕಾರಿಗಳಿಗೂ ಒಂದು ಮಾತು. ಸರಕಾರದ ಜಮೀನಿನ ಬೆಳೆಗಿಂತ ನೆರೆಯವನ ಹೊಲದ ಬೆಳೆಯನ್ನು ರೈತ ಬೇಗ ನಂಬುತ್ತಾನೆ. ಊರಿಗೊಂದು ತಾಕು ಸಣ್ಣ ರೈತನ ಹೊಲದಲ್ಲೇ, ಅವನ ನೀರಿನಲ್ಲೇ, ಬೇಕಾದರೆ ಅವನ ಜವಳು ಮಣ್ಣಿನಲ್ಲೇ ನಡೆಯಲಿ. ನಾಟಿ, ಕಳೆ, ಕೊಯ್ಲು ಮಾಡುವ ಹೆಣ್ಣುಮಕ್ಕಳನ್ನೂ ತರಬೇತಿಗೆ ಕರೆಯಿರಿ. ಖರ್ಚು, ಇಳುವರಿ, ಪೇಟೆಯಲ್ಲಿ ಸಿಕ್ಕ ದರ ಇವನ್ನು ಫಲಕದ ಮೇಲೆ ಬರೆದು ನಿಲ್ಲಿಸಿರಿ. ನಷ್ಟವಾದರೆ ಅದನ್ನೂ ಬರೆಯಿರಿ. ಲೆಕ್ಕ ಮುಚ್ಚಿಟ್ಟ ಪ್ರಾತ್ಯಕ್ಷಿಕೆಯನ್ನು ನಂಬಿ ಸಾಲ ಮಾಡುವವನು ರೈತನೇ ಎಂಬುದನ್ನು ಮರೆಯಬಾರದು.